ಸನ್ನಿಸೈಡಿನ ತಿಮ್ಮಯ್ಯ

ಕೊಡಗಿನ ಕೊಡಂದೇರ ಒಕ್ಕದಿಂದ (ಮನೆತನದಿಂದ) ಭಾರತೀಯ ಸೇನೆಗೆ ಇಬ್ಬರು ಮುಖ್ಯಸ್ಥರು ಬಂದರು. ಒಬ್ಬರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಇನ್ನೊಬ್ಬರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿ, ಯಾರು ಯಾವ ಯುದ್ಧದಲ್ಲಿದ್ದರು ಎಂಬುದು ಹಲವರಿಗೆ ಕಲಸಿಹೋಗಿದೆ. ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು ತಿಮ್ಮಯ್ಯ.

ಕಾಫಿ ಬೆಳೆಗಾರರ ಮನೆತನದಲ್ಲಿ, 1906ರಲ್ಲಿ, ಮಡಿಕೇರಿಯಲ್ಲಿ ಹುಟ್ಟಿದರು. ಡೆಹರಾಡೂನಿನ ಸೈನಿಕ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್, 1926ರಲ್ಲಿ ಅಧಿಕಾರಿಯಾದರು. ಹೈದರಾಬಾದ್ ರೆಜಿಮೆಂಟ್ ಎಂದು ಆಗ ಕರೆಸಿಕೊಳ್ಳುತ್ತಿದ್ದ ಅವರ ಪಡೆ ಇಂದಿನ ಕುಮಾವೂ ರೆಜಿಮೆಂಟ್. ಸೇನೆಯಲ್ಲಿ ಎಲ್ಲರಿಗೂ ಅವರು ‘ತಿಮ್ಮಿ’.

ಎರಡನೆಯ ಮಹಾಯುದ್ಧದ ಕೊನೆಯ ವರ್ಷ, 1945ರ ಆರಂಭದಲ್ಲಿ, ಬರ್ಮಾದ ಅರಕಾನ್ ಕರಾವಳಿಯ ಕಂಗಾವ್‌ನಲ್ಲಿ ಜಪಾನೀಯರೊಡನೆ ಘೋರ ಕಾಳಗ ನಡೆಯಿತು. ಅಲ್ಲಿ ಕಾದಿದ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳನ್ನು ನಡೆಸಿದವರು ಭಾರತೀಯರು: ಥೋರಟ್, ಎಲ್. ಪಿ. ಸೇನ್, ತಿಮ್ಮಯ್ಯ. ಭಾರತೀಯ ಅಧಿಕಾರಿಗಳಿಗೆ ದಂಡು ನಡೆಸಲು ಬಾರದು ಎನ್ನುತ್ತಿದ್ದ ಬ್ರಿಟಿಷರು ಮೂವರಿಗೂ ಡಿಎಸ್‌ಒ ಪದಕ ಕೊಡಬೇಕಾಯಿತು. ಮುಂದೆ ಯುದ್ಧರಂಗದಲ್ಲಿ ಬ್ರಿಗೇಡನ್ನೇ ನಡೆಸಿದ ಮೊದಲ ಭಾರತೀಯ ಎಂಬ ಹೆಸರೂ ತಿಮ್ಮಯ್ಯನವರದಾಯಿತು. ಅದೇ ಹೊತ್ತಿಗೆ ಅವರ ಅಣ್ಣ ಪೊನ್ನಪ್ಪ ಎದುರು ಪಾಳೆಯದಲ್ಲಿ, ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿದ್ದರು.

1948ರಲ್ಲಿ ಕಾಶ್ಮೀರದ 19ನೇ ಡಿವಿಷನ್ ಅವರ ಕೈಗೆ ಬಂತು. ಲೇಹ್ ಪಾಕಿಸ್ತಾನದ ಕಡೆಯವರ ಮುತ್ತಿಗೆಗೆ ಸಿಕ್ಕಿತ್ತು. ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗೂ ಎತ್ತರದಲ್ಲಿ ಅವಸರದಿಂದ ಹದಮಾಡಿದ ನೆಲದ ಮೇಲೆ ವಿಮಾನ ಇಳಿಯಬೇಕಿತ್ತು. ಮೇ ತಿಂಗಳಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ಇಳಿಸಿದಾಗ ಒಳಗೆ ಕುಳಿತಿದ್ದ ಪ್ರಯಾಣಿಕ ತಿಮ್ಮಯ್ಯ. ಆದರೆ ಲೇಹ್‌ಗೆ ರಸ್ತೆ ತೆರೆಯದೆ ಗತ್ಯಂತರವಿರಲಿಲ್ಲ, ಆ ರಸ್ತೆಯನ್ನು ಜೋಜಿ ಲಾದಲ್ಲಿ ಎದುರಾಳಿ ಕಟ್ಟಿಹಾಕಿದ್ದ. ಕಾಲಾಳುಗಳ ದಾಳಿ ಫಲಿಸಲಿಲ್ಲ. ಆಗ ಹಗುರ ಸ್ಟುವರ್ಟ್ ಟ್ಯಾಂಕುಗಳನ್ನು ತರಿಸಲಾಯಿತು. ಗುಟ್ಟು ಹೊರಬೀಳದಿರಲೆಂದು ಅವುಗಳ ತೋಪಿನ ಗೋಪುರ ಬಿಚ್ಚಿ ಸಾಗಿಸಿದರು; ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದರು. ನವೆಂಬರ್ 1ರಂದು ಸುಮಾರು 3,500 ಮೀಟರ್ ಎತ್ತರದ ಕಣಿವೆಯಲ್ಲಿ ಟ್ಯಾಂಕುಗಳು ಕಾಣಿಸಿಕೊಂಡಾಗ ಎದುರಾಳಿಗಳಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಮುಂಚೂಣಿಯ ಟ್ಯಾಂಕಿನಲ್ಲಿ ಡಿವಿಷನ್ನಿನ ದಂಡನಾಯಕರೇ ಇದ್ದರು. ಅಷ್ಟು ದೊಡ್ಡ ಹುದ್ದೆಯವರು ಅಲ್ಲಿರಬೇಕಾದ ಅಗತ್ಯ ಯುದ್ಧಶಾಸ್ತ್ರದ ಲೆಕ್ಕದಲ್ಲಿ ಇಲ್ಲ. ಹಿಂದೆ ನಡೆದು ಬರುವ ಜವಾನರ ಲೆಕ್ಕ ಬೇರೆ. ಆ ತಿಂಗಳು ಮುಗಿಯುವಷ್ಟರಲ್ಲಿ ದ್ರಾಸ್, ಕಾರ್ಗಿಲ್ ಕೈಸೇರಿ ಲೇಹ್‌ನ ಸಂಪರ್ಕ ಕೂಡಿತು.

ಕೊರಿಯಾ ಯುದ್ಧ ನಿಂತ ಮೇಲೆ, ಊರಿಗೆ ಮರಳಲು ಒಲ್ಲದ 22,000ಕ್ಕೂ ಹೆಚ್ಚು ಸೆರೆಯಾಳುಗಳ ಹೊಣೆ ಹೊತ್ತ ತಟಸ್ಥ ದೇಶಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. 1954ರಲ್ಲಿ ಪದ್ಮಭೂಷಣ ಬಂತು, 1957ರ ಮೇನಲ್ಲಿ ಸೇನಾ ಮುಖ್ಯಸ್ಥನ ಪಟ್ಟ. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆಯಾಗದೆ 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಸಂಸತ್ತಿನಲ್ಲಿ ಪ್ರಧಾನಿ ಅವರ ನಡೆಯನ್ನು ಟೀಕಿಸಿದರು. ತಿಮ್ಮಯ್ಯ ಬಹಿರಂಗ ಜಗಳಕ್ಕೆ ಇಳಿಯಲಿಲ್ಲ. ಇನ್ನೆರಡು ವರ್ಷಕ್ಕೆ ಸಮೀಪ ಅದೇ ಹುದ್ದೆಯಲ್ಲಿದ್ದು, 1961ರ ಮೇನಲ್ಲಿ ನಿವೃತ್ತರಾಗಿ ಸದ್ದಿಲ್ಲದೆ ಕೊಡಗಿಗೆ ಮರಳಿದರು.

ಊರಲ್ಲಿದ್ದುಕೊಂಡೇ 1962ರಲ್ಲಿ ‘ಸೆಮಿನಾರ್’ ಪತ್ರಿಕೆಗೆ ಒಂದು ಲೇಖನ ಬರೆದರು. ಚೀನಾದ ಬಲಕ್ಕೆ ಸೈನ್ಯದಿಂದಷ್ಟೇ ಸರಿಸಾಟಿಯಾಗಿ ನಿಲ್ಲಲಾಗದು, ಆ ಗಡಿಯನ್ನು ರಾಜತಂತ್ರವೇ ಕಾಯಬೇಕು ಎಂಬುದು ಅದರ ಸಾರ. ಕೆಲವೇ ತಿಂಗಳಲ್ಲಿ ಯುದ್ಧ ಬಂತು, ಸೋಲೂ ಬಂತು. ಮೆನನ್ ಹುದ್ದೆ ಬಿಟ್ಟು ಹೋದರು, ಹೊಸದಾಗಿ ರಚಿಸಿದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ತಿಮ್ಮಯ್ಯನವರನ್ನು ಕರೆಸಿಕೊಂಡರು.

ಊರಿನ ವಾಸ ಮೂರು ವರ್ಷವಷ್ಟೇ. ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸಲು 1964ರ ಜುಲೈಯಲ್ಲಿ ಹೊರಟರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಕಾಗದದಲ್ಲಿ ಅವರ ಹೆಸರಿದೆ. ಆಟೊದವರಿಗೆ ಇಂದಿಗೂ ರಿಚ್ಮಂಡ್ ರೋಡ್ ಎಂದೇ ಹೇಳಬೇಕು.

ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಮನೆ ‘ಸನ್ನಿಸೈಡ್’ನಲ್ಲಿ ಬಹಳ ಕಾಲ ಆರ್‌ಟಿಒ ಕಚೇರಿ ನಡೆಯಿತು. ಕಚೇರಿ ತೆರವಾದ ಮೇಲೆ ಮನೆಯನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿಸಿದರು. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು.