ಚಪ್ಪಲಿ ಸದ್ದು ಕೇಳಿ ಬೆಳೆದ ನರ್ಸ್

ಅಪ್ಪ ಇವತ್ತು ಎಷ್ಟು ಕುಡಿದಿದ್ದಾನೆ?
ಮುಖ ನೋಡದೇ ಹೇಳ್ತಾಳೆ ಹನ್ನೊಂದು ವರ್ಷದ ಹುಡುಗಿ.
ಹೇಗೆ ಗೊತ್ತಾ?
ಅಂಗಳದಲ್ಲಿ ಚಪ್ಪಲಿ ಎಳೆಯೋ ಸದ್ದಿನಿಂದ.

ಮಾಗಡಿ ಸೀಮೆ, ಗುಡೇಮಾರನಹಳ್ಳಿ ಕಡೆಯ ಒಂದು ಮನೆ ಅಂದ್ಕೊಳ್ಳಿ.
ಸಾರಾಯಿ 2007ರ ಜುಲೈನಲ್ಲೇ ಬಂದ್ ಆಯ್ತು.
ಕುಡಿತ ಬಂದ್ ಆಗ್ಲಿಲ್ಲ.
ಪ್ಯಾಕೆಟ್ ಬದಲಾಯ್ತು, ಅಷ್ಟೇ.

ಇಂಥ ಮನೇಲಿ ದೊಡ್ಡ ಮಗಳು
ಒಲೆ ಮೇಲಿನ ಹಾಲು ಕಾಯೋಳ ಥರ.
ಕಣ್ಣು ಆಚೀಚೆ ಹೋಗೋ ಹಾಗಿಲ್ಲ.
ಯಾವಾಗ ಉಕ್ಕುತ್ತೋ!
ತಮ್ಮನಿಗೆ ಮುದ್ದೆ ತಿನ್ನಿಸೋದು,
ಅಮ್ಮನ ಕಣ್ಣೊರೆಸೋದು,
ಅಪ್ಪನ ವಾಂತಿ ತೊಳೆಯೋದು,
ಎಲ್ಲ ಅವಳೇ.
ಮನಶ್ಶಾಸ್ತ್ರದಲ್ಲಿ ಇದಕ್ಕೆ ಪೇರೆಂಟಿಫಿಕೇಷನ್ ಅಂತಾರೆ.
ಮಗುವೇ ಮನೆಗೆ ಹಿರಿಯಾಳಾಗೋದು.

ಪಿಯುಸಿ ಮುಗೀತು, ನರ್ಸಿಂಗ್ ಸೇರಿದ್ಲು.
ಯಾಕಮ್ಮಾ ಅಂದ್ರೆ, "ಸೇವೆ ಮಾಡೋಕೆ."
ನಿಜ.
ಆದ್ರೆ ಹಾಸ್ಟೆಲ್ ಸಿಗುತ್ತೆ, ಸಂಬಳ ಬರುತ್ತೆ,
ಆ ಮನೆಯಿಂದ ಆಚೆ ಬರಬಹುದು.
ಅದೂ ಕಾರಣಾನೇ. ತಪ್ಪೇನಿದೆ?
ಎಲ್ಲ ನರ್ಸ್‌ಗಳ ಕಥೆ ಇದೇ ಅಲ್ಲ ಮತ್ತೆ!

ಕ್ಲಾಸಲ್ಲಿ ಒಂದಿನ ಪಾಠ.
ದಿನಾ ಕುಡಿಯೋರು ದಿಢೀರ್ ಬಿಟ್ರೆ ಕೈ ನಡುಗುತ್ತೆ,
ಫಿಟ್ಸ್ ಬರಬಹುದು,
ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು.
ಬೆಳಗ್ಗೆ ಹೊತ್ತು ಅಪ್ಪನ ಕೈಯಲ್ಲಿ ಕಾಫಿ ಲೋಟ ತುಳುಕ್ತಿತ್ತು.
ನಾಟಕ ಅಂದ್ಕೊಂಡಿದ್ಲು.
ಅದು ಕಾಯಿಲೆ.
ನಿಮ್ಹಾನ್ಸ್‌ನಲ್ಲಿ ಇದಕ್ಕಂತಲೇ ವ್ಯಸನ ಚಿಕಿತ್ಸೆಯ ವಿಭಾಗ ಇದೆ.
ಮನೆಯವರು ಮಾತಾಡೋಕೆ ಟೆಲಿ ಮನಸ್ ಸಹಾಯವಾಣಿ ಇದೆ: 14416. ಉಚಿತ, ಕನ್ನಡದಲ್ಲೇ.

ಈಗ ಅವಳದು ನೈಟ್ ಡ್ಯೂಟಿ.
ಹಾಸಿಗೆ ಹಾಸಿಗೆಗೂ ಹೋಗಿ ಬಿಪಿ ನೋಡಿ ಬಂದು ಬರೀತಾ ಕೂತಿದ್ದಾಳೆ.
ಕಾರಿಡಾರಲ್ಲಿ ಯಾರೋ ಚಪ್ಪಲಿ ಎಳೀತಾ ಬರ್ತಿದ್ದಾರೆ.
ಅವಳ ಪೆನ್ನು ನಿಲ್ಲುತ್ತೆ.