ಕೈಗೆ ಸಿಗದ ಕುರುಬೂರಿನ ಹುಡುಗಿ

2025ರ ಜನವರಿ 19, ಭಾನುವಾರ. ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್‌ನ ಮಹಿಳೆಯರ ಫೈನಲ್. ಮೂರು ಟರ್ನ್ ಮುಗಿದಿದ್ದವು. ಭಾರತ 73, ನೇಪಾಳ 24. ಉಳಿದಿದ್ದ ಒಂದು ಟರ್ನ್‌ನಲ್ಲಿ ಅಟ್ಟಿಸಿಕೊಂಡು ಬರುವವರು ನೇಪಾಳದವರು, ತಪ್ಪಿಸಿಕೊಳ್ಳಬೇಕಾದವರು ನಮ್ಮವರು. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದ ನಾನು, ಇನ್ನೇನು ಗೆದ್ದಾಯಿತು ಅಂತ ಎದ್ದು ಹೊರಟವನು ಬಾಗಿಲ ಹತ್ತಿರವೇ ನಿಂತುಬಿಟ್ಟೆ.

ಸಿಗುತ್ತಲೇ ಇಲ್ಲ! ನೇಪಾಳದ ಹುಡುಗಿಯರೇನು ಸಾಮಾನ್ಯದವರಲ್ಲ, ಫೈನಲ್‌ವರೆಗೆ ಬಂದವರು. ಒಬ್ಬಳು ಕೈ ಚಾಚಿ ಹಾರುತ್ತಾಳೆ, ಮ್ಯಾಟ್ ಮೇಲೆ ಬೀಳುತ್ತಾಳೆ, ಕೈಗೆ ಗಾಳಿ. ಖೋ! ಇನ್ನೊಬ್ಬಳು ಎದ್ದು ನುಗ್ಗುತ್ತಾಳೆ, ಮತ್ತೆ ಗಾಳಿ. ನಮ್ಮ ಹುಡುಗಿಯ ಬೆನ್ನು ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಆ ಬೆನ್ನೇ ಅಲ್ಲಿಲ್ಲ. ಒಂದು ನಿಮಿಷ ಆಯಿತು, ಎರಡಾಯಿತು, ಮೂರಾಯಿತು. ಒಟ್ಟಿಗೆ ಒಳಗಿಳಿದ ಒಂದೇ ಬ್ಯಾಚ್ ಮೂರು ನಿಮಿಷ ಉಳಿದುಕೊಂಡರೆ 'ಡ್ರೀಮ್ ರನ್' ಅಂತ ಒಂದು ಅಂಕ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೂ ಒಂದೊಂದು. ಅಂದರೆ ಓಡಿ ತಪ್ಪಿಸಿಕೊಳ್ಳುವುದಕ್ಕೇ ಅಂಕ! 74, 75, 76, 77, 78. ಆ ಮೊದಲ ಬ್ಯಾಚ್ ನಿಂತದ್ದು 5 ನಿಮಿಷ 14 ಸೆಕೆಂಡು. ಇಡೀ ಟರ್ನ್ ಇರುವುದೇ 7 ನಿಮಿಷ. ಭಾರತ 78–40ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಯಾರು ಅಂತ ಕೂಗಿದಾಗ ಕೇಳಿಸಿದ್ದು: ಬಿ. ಚೈತ್ರಾ, ಕರ್ನಾಟಕ.

ಯಾವೂರು, ಯಾವೂರು ಅಂತ ಹುಡುಕಿದೆ. ಮೈಸೂರು ಜಿಲ್ಲೆ. ತಿ. ನರಸೀಪುರ ತಾಲ್ಲೂಕು. ಕುರುಬೂರು!

ಮೈ ಜುಂ ಅಂದಿತು. ಮೈಸೂರಿನಿಂದ ನಾವು ಈ ಕಡೆ, ಅವರು ಆ ಕಡೆ, ಅಷ್ಟೇ ವ್ಯತ್ಯಾಸ. ನಮ್ಮ ಸಾಲಿಗ್ರಾಮದ ಗದ್ದೆಗಳಿಗೆ ನೀರುಣಿಸುವ ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕಿ ಮುಂದೆ ಹೋಗುತ್ತಾಳೆ. ಹುಣಸೂರಿನ ಲಕ್ಷ್ಮಣತೀರ್ಥ ಕನ್ನಂಬಾಡಿಯಲ್ಲಿ ಅವಳನ್ನು ಸೇರಿಕೊಳ್ಳುತ್ತದೆ. ಎಚ್.ಡಿ. ಕೋಟೆಯ ಕಬಿನಿ ಬೇರೆ ದಾರಿ ಹಿಡಿದು, ಸುತ್ತಿ ಬಳಸಿ, ಕೊನೆಗೆ ಬಂದು ಕಾವೇರಿಗೆ ಕೂಡುವುದು ತಿರುಮಕೂಡಲು ನರಸೀಪುರದಲ್ಲೇ. ನಮ್ಮೆಲ್ಲರ ಊರಿನ ನೀರು ಒಂದಾಗುವ ಆ ತಾಲ್ಲೂಕಿನಲ್ಲಿ, ಒಂದು ರೈತರ ಮನೆಯಲ್ಲಿ ಹುಟ್ಟಿದ ಹುಡುಗಿ ಈಕೆ. ಆಟ ಕಲಿತದ್ದು ದೊಡ್ಡ ಪಟ್ಟಣದ ಅಕಾಡೆಮಿಯಲ್ಲಿ ಅಲ್ಲ, ತನ್ನ ಊರಿನ ವಿದ್ಯಾದರ್ಶಿನಿ ಶಾಲೆಯಲ್ಲಿ. ಅಲ್ಲಿಂದ ವಿಶ್ವಕಪ್ ಫೈನಲ್‌ನ ಮ್ಯಾಟ್‌ಗೆ ಬಂದು ನಿಂತಿದ್ದಾಳೆ ಅಂದರೆ, ಎಂಥ ಹುಡುಗಿ ಅಂತೀರಿ!

ಆ ಟೂರ್ನಿಯೂ ಸಣ್ಣದಲ್ಲ. 23 ದೇಶಗಳು ಬಂದಿದ್ದವು. ಮಹಿಳೆಯರ ವಿಭಾಗದಲ್ಲೇ 19 ತಂಡ. ಪ್ರಿಯಾಂಕಾ ಇಂಗ್ಳೆ ನಾಯಕಿಯಾಗಿದ್ದ ನಮ್ಮ ತಂಡ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 175–18ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 66–16. ಅದೇ ದಿನ ಗಂಡಸರ ತಂಡವೂ ನೇಪಾಳವನ್ನೇ 54–36ರಿಂದ ಗೆದ್ದಿತು. ಅದರಲ್ಲೂ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು.

ಈ ತಪ್ಪಿಸಿಕೊಳ್ಳುವ ವಿದ್ಯೆಯ ಬೆಲೆ ಏನೆಂದು ಗೊತ್ತಾಗಬೇಕಾದರೆ ಸ್ವಲ್ಪ ಅಮೆರಿಕದ ಕಡೆ ನೋಡಬೇಕು. ಅವರ ಫುಟ್‌ಬಾಲ್‌ನಲ್ಲಿ 'ವೈಡ್ ರಿಸೀವರ್' ಅಂತ ಒಬ್ಬ ಇರುತ್ತಾನೆ. ಮೈದಾನದ ಅಂಚಿನಲ್ಲಿ ನಿಲ್ಲುವ ಅವನ ಕೆಲಸ ತನ್ನನ್ನು ಕಾಯುತ್ತಿರುವವನನ್ನು ಏಮಾರಿಸಿ, ದೂರದಿಂದ ಬರುವ ಚೆಂಡು ಹಿಡಿಯುವುದು. ಬರೀ ಜೋರಾಗಿ ಓಡುವವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಪೂರ್ತಿ ವೇಗದಲ್ಲಿ ಹೋಗುತ್ತಿರುವಾಗ ಗಕ್ಕನೆ ನಿಂತು ಇನ್ನೊಂದು ದಿಕ್ಕಿಗೆ ಮುರಿಯುವವನೇ ಅಪರೂಪ. ಪೂಕಾ ನಾಕುವಾ ಎಂಬ ಹುಡುಗನನ್ನು, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2023ರ ಆಯ್ಕೆಯಲ್ಲಿ 176 ಜನ ಮುಗಿದ ಮೇಲೆ, 177ನೆಯವನಾಗಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ತೆಗೆದುಕೊಂಡಿತು. ಆ ಮೊದಲ ವರ್ಷವೇ ಅವನು ಹಿಡಿದ ಚೆಂಡು 105, ಗಳಿಸಿದ ದೂರ 1,486 ಗಜ. ಹೊಸಬರಲ್ಲಿ ಅದುವರೆಗೆ ಯಾರೂ ಅಷ್ಟು ಮಾಡಿರಲಿಲ್ಲ. ಕೋಟಿ ಕೋಟಿ ಡಾಲರ್ ಸುರಿದು ಅವರು ಹುಡುಕುವ ಆ ಗಕ್ಕನೆಯ ತಿರುವು ಇದೆಯಲ್ಲ, ಚೈತ್ರಾಳ ಕಾಲಲ್ಲಿ ನಾನು ಕಂಡದ್ದು ಅದೇ. ಅದೂ ಚೆಂಡಿಲ್ಲದೆ, ಹೆಲ್ಮೆಟ್ಟಿಲ್ಲದೆ!

ಮಾರನೆಯ ದಿನ ಸಂಜೆ ನಮ್ಮೂರಿನ ಶಾಲೆ ಮೈದಾನಕ್ಕೆ ಹೋದೆ. ಎಷ್ಟೋ ವರ್ಷದಿಂದ ಆ ದಾರಿಯಲ್ಲೇ ಓಡಾಡುತ್ತಿದ್ದೇನೆ, ಹುಡುಗಿಯರು ಖೋ ಖೋ ಆಡುವುದನ್ನು ನೋಡಿಯೂ ನೋಡಿರಲಿಲ್ಲ. ಎರಡು ಕಂಬ, ನಡುವೆ ಸುಣ್ಣದ ಪುಡಿ ಹಾಕಿ ಎಳೆದ ಗೆರೆ, ಒಬ್ಬರು ಆ ಕಡೆ ಮುಖ ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತ ಮಕ್ಕಳು. ಅಟ್ಟಿಸಿಕೊಂಡು ಹೋಗುವವಳು ಒಮ್ಮೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ನಡುಗೆರೆ ದಾಟುವಂತಿಲ್ಲ, ತಿರುಗಬೇಕಾದರೆ ಕಂಬದವರೆಗೆ ಹೋಗಬೇಕು. ತಪ್ಪಿಸಿಕೊಳ್ಳುವವಳಿಗೆ ಆ ಕಟ್ಟು ಯಾವುದೂ ಇಲ್ಲ, ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಆದರೆ ಅಷ್ಟೂ ಬೆನ್ನುಗಳಲ್ಲಿ ಯಾವ ಬೆನ್ನಿಗೆ ಮುಂದಿನ 'ಖೋ' ಬೀಳುತ್ತದೋ ಅವಳಿಗೆ ಗೊತ್ತಿಲ್ಲ. ಅಬ್ಬಬ್ಬಾ, ಎಷ್ಟು ಲೆಕ್ಕ ಹಾಕಬೇಕು ಆ ತಲೆ! ಅದೂ ಉಸಿರು ಏದುತ್ತಿರುವಾಗ.

ಏಳನೇ ಕ್ಲಾಸಿರಬಹುದು, ಜಡೆ ಮಡಿಚಿ ರಿಬ್ಬನ್ ಕಟ್ಟಿದ್ದ ಒಬ್ಬ ಸಣಕಲ ಹುಡುಗಿ. ಕಂಬದ ಹತ್ತಿರ ಅವಳನ್ನು ಮೂಲೆಗೆ ತಳ್ಳಿಬಿಟ್ಟಿದ್ದರು. ಹಿಂದಿನವಳು ಹಾರಿದಳು. ಈಕೆ ಬಲಗಾಲ ಹೆಬ್ಬೆರಳು ಊರಿ, ಹಿಮ್ಮಡಿ ಎತ್ತಿ, ಸೊಂಟ ಒಂದು ಕಡೆ ಹೋದ ಹಾಗೆ ಮಾಡಿ ಮೈ ಇನ್ನೊಂದು ಕಡೆಗೆ ಎಳೆದುಕೊಂಡಳು. ಹಾರಿದವಳು ಕಂಬ ತಬ್ಬಿಕೊಂಡು ಬಿದ್ದಳು. ಎಲ್ಲರೂ ಆ ಕಡೆ ಹೋದ ಮೇಲೆ ನಾನು ಬಗ್ಗಿ ನೆಲ ನೋಡಿದೆ. ಕೆಮ್ಮಣ್ಣಿನಲ್ಲಿ ಹೆಬ್ಬೆರಳು ತಿರುಗಿದ ಗುರುತು, ಎಳೆಚಂದ್ರನ ಹಾಗೆ ಕೊರೆದುಕೊಂಡಿತ್ತು. ಸುತ್ತ ಕಣ್ಣಾಡಿಸಿದರೆ ಮೈದಾನದ ತುಂಬ ಅಂಥವೇ ನೂರಾರು, ಒಂದರ ಮೇಲೊಂದು! ಕುರುಬೂರಿನ ಶಾಲೆಯ ಅಂಗಳದಲ್ಲಿ ಚೈತ್ರಾ ಎಷ್ಟು ವರ್ಷ, ಎಷ್ಟು ಸಾವಿರ ಸಲ ಹೀಗೆ ನೆಲ ಕೊರೆದಿರಬೇಕು ಅಂತ ಯೋಚಿಸಿ ನನಗೆ ಗಂಟಲು ಕಟ್ಟಿತು.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗೆದ್ದ ಮೇಲೆ ನಮ್ಮ ಸರ್ಕಾರ ಚೈತ್ರಾಗೂ ಗೌತಮ್‌ಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ಕೆಲಸ ಅಂದಿತ್ತು. ನಮ್ಮವರಿಬ್ಬರೂ ಆ 5 ಲಕ್ಷ ಬೇಡ ಅಂದರು. ಸರಿಯಾಗಿಯೇ ಅಂದರು. ಕೇಳಿದ್ದು ಭಿಕ್ಷೆಯಲ್ಲ, ಆಡಿ ಗೆದ್ದದ್ದಕ್ಕೆ ತಕ್ಕ ಮರ್ಯಾದೆ. ಬದುಕಿಗೊಂದು ದಾರಿ ಇದೆ ಅಂತ ಗೊತ್ತಾದರೆ ತಾನೆ, ಮದುವೆ ವಯಸ್ಸಿಗೆ ಬಂದ ಮಗಳನ್ನು ಇನ್ನೂ ನಾಲ್ಕು ವರ್ಷ ಆಡಿಕೊಳ್ಳಲಿ ಅಂತ ಹಳ್ಳಿಯ ಅಪ್ಪ-ಅವ್ವ ಬಿಡುವುದು?

ಶಾಲೆ ಮೈದಾನದಲ್ಲಿ ಆ ಸಂಜೆ ಮೊಬೈಲ್‌ನಲ್ಲಿ ಚೈತ್ರಾಳ ಆಟ ಹಾಕಿ ಮಕ್ಕಳಿಗೆ ತೋರಿಸಿದೆ. ತಲೆಗೆ ತಲೆ ತಾಗಿಸಿಕೊಂಡು ನೋಡಿದರು. ಯಾರೂ ಉಸಿರೆತ್ತಲಿಲ್ಲ.

"ಇವ್ರು ನಮ್ ಜಿಲ್ಲೆಯವ್ರಾ ಮಾಮ?"

"ನಮ್ ಜಿಲ್ಲೆಯವ್ರೇ ಕಣವ್ವ. ನರಸೀಪುರದ ಹತ್ರ."

"ನರಸೀಪುರ ನಂಗೊತ್ತು. ನಮ್ಮಜ್ಜಿ ಕುಂಭಮೇಳಕ್ಕೆ ಹೋಯ್ತದೆ ಅಲ್ಗೆ."

ರಿಬ್ಬನ್ ಹುಡುಗಿ ಮಾತ್ರ ಏನೂ ಹೇಳದೆ ಇನ್ನೊಂದು ಸಲ ನೋಡಿದಳು. ಆಮೇಲೆ ಎದ್ದು ಲಂಗದ ಮಣ್ಣು ಕೊಡವಿಕೊಂಡು, "ಟೈಮು ಹಾಕಿ" ಅಂದಳು. ಹಾಕಿದೆ. ಒಬ್ಬಳೇ ಓಡಿದಳು. 48 ಸೆಕೆಂಡಿಗೆ ಬೆನ್ನಿಗೆ ಕೈ ಬಿತ್ತು. ಮೊಬೈಲ್ ಕಿತ್ತುಕೊಂಡು ನೋಡಿ, ಮುಖ ಸಿಂಡರಿಸಿ, ಮೊಣಕಾಲಿಗೆ ಕೈ ಊರಿ ಒಂದಷ್ಟು ಹೊತ್ತು ಉಸಿರೆಳೆದುಕೊಂಡಳು. ಆಗಲೇ ಕತ್ತಲಾಗುತ್ತಿತ್ತು, ಸುಣ್ಣದ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ.

"ಮಾಮ, ಇನ್ನೊಂದ್ ಸಲ ಹಾಕಿ."