ಬೀದಿದೀಪದ ಚೋಕ್: ಕಾರ್ಯ ಮತ್ತು ವೆಚ್ಚ

ಬೀದಿದೀಪಗಳ ದುರಸ್ತಿ ಬಿಲ್ಲುಗಳಲ್ಲಿ ‘ಚೋಕ್ ಬದಲಾವಣೆ’ ಎಂಬ ನಮೂದು ಪದೇ ಪದೇ ಕಂಡುಬರುತ್ತದೆ. ಸಾಮಾನ್ಯ ಸಭೆಯಲ್ಲಿ ಇದಕ್ಕೆ ಅನುಮೋದನೆ ನೀಡುವ ಸದಸ್ಯರು ಚೋಕ್‌ನ ಕಾರ್ಯವನ್ನು ಅರಿತಿದ್ದಲ್ಲಿ ವೆಚ್ಚದ ಪರಿಶೀಲನೆ ಸುಲಭವಾಗುತ್ತದೆ.

ಹಳೆಯ ಬಲ್ಬಿನ ತಂತಿಯು ಕಾದಂತೆ ಅದರ ರೋಧ ಹೆಚ್ಚುವುದರಿಂದ ವಿದ್ಯುತ್ ಪ್ರವಾಹವು ತಾನಾಗಿಯೇ ಮಿತಿಯಲ್ಲಿರುತ್ತದೆ. ಟ್ಯೂಬ್‌ಲೈಟ್ ಹಾಗೂ ಸೋಡಿಯಂ ದೀಪಗಳಲ್ಲಿ ಪ್ರವಾಹವು ಅನಿಲ ಮತ್ತು ಲೋಹದ ಆವಿಯ ಮೂಲಕ ಹರಿಯುತ್ತದೆ. ಇಲ್ಲಿ ಪ್ರವಾಹ ಹೆಚ್ಚಿದಂತೆ ರೋಧ ಕುಸಿಯುತ್ತದೆ. ರೋಧ ಕುಸಿದಂತೆ ಪ್ರವಾಹ ಮತ್ತಷ್ಟು ಏರುತ್ತದೆ. ತಡೆಯಿಲ್ಲದಿದ್ದರೆ ದೀಪವು ಹೊತ್ತಿಕೊಂಡ ಕೂಡಲೇ ಹಾಳಾಗುತ್ತದೆ. ಆ ತಡೆಯೇ ಚೋಕ್.

ಸಾಂಪ್ರದಾಯಿಕ ಚೋಕ್ ಎಂದರೆ ಕಬ್ಬಿಣದ ತಗಡುಗಳ ಸುತ್ತ ಸುತ್ತಿದ ತಾಮ್ರದ ತಂತಿಯ ಸುರುಳಿ. 36 ವ್ಯಾಟ್ ಟ್ಯೂಬ್ ಉರಿಯುವಾಗ ಅದಕ್ಕೆ ಬೇಕಾಗುವುದು ಸುಮಾರು 100 ವೋಲ್ಟ್ ಮಾತ್ರ. ಲೈನಿನಲ್ಲಿ 230 ವೋಲ್ಟ್ ಇದ್ದರೂ ಚೋಕ್ ಪ್ರವಾಹವನ್ನು ಸುಮಾರು 0.43 ಆಂಪಿಯರ್‌ಗೆ ಸೀಮಿತಗೊಳಿಸುತ್ತದೆ. ದೀಪ ಹೊತ್ತಿಸುವುದರಲ್ಲಿಯೂ ಅದರ ಪಾತ್ರವಿದೆ: ಸ್ಟಾರ್ಟರ್ ಸಂಪರ್ಕ ಬಿಟ್ಟಾಗ ಚೋಕ್‌ನಲ್ಲಿ ಕ್ಷಣಮಾತ್ರ ಉಂಟಾಗುವ ಅಧಿಕ ವೋಲ್ಟೇಜ್‌ನಿಂದ ಟ್ಯೂಬ್ ಬೆಳಗುತ್ತದೆ. ಸೋಡಿಯಂ ದೀಪದಲ್ಲಿ ಈ ಕೆಲಸಕ್ಕೆ ಇಗ್ನೈಟರ್ ಎಂಬ ಪ್ರತ್ಯೇಕ ಸಾಧನವಿರುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಚೋಕ್ ಕೂಡ ವಿದ್ಯುತ್ ಬಳಸುತ್ತದೆ. ಟ್ಯೂಬ್‌ಲೈಟಿನ ತಾಮ್ರದ ಚೋಕ್ ಒಂದಕ್ಕೆ 12 ವ್ಯಾಟ್ ಎಂದು ಹಿಡಿದರೆ, 100 ದೀಪಗಳು ರಾತ್ರಿಗೆ 11 ಗಂಟೆ ಉರಿದಾಗ ಚೋಕ್‌ಗಳಿಗಷ್ಟೇ 13.2 ಯೂನಿಟ್, 30 ದಿನಗಳಿಗೆ 396 ಯೂನಿಟ್ ಖರ್ಚಾಗುತ್ತದೆ. ಎಲೆಕ್ಟ್ರಾನಿಕ್ ಚೋಕ್‌ನಲ್ಲಿ ಈ ನಷ್ಟ ಬಹಳ ಕಡಿಮೆ.

2. ದೀಪದ ವ್ಯಾಟ್ ಮತ್ತು ಚೋಕ್‌ನ ವ್ಯಾಟ್ ಒಂದೇ ಆಗಿರಬೇಕು. 150 ವ್ಯಾಟಿನ ಚೋಕ್‌ಗೆ 70 ವ್ಯಾಟಿನ ಸೋಡಿಯಂ ದೀಪ ಜೋಡಿಸಿದರೆ ದೀಪವು ಬೇಗನೆ ಹಾಳಾಗುತ್ತದೆ. ಒಂದೇ ಕಂಬದ ದೀಪ ಮತ್ತೆ ಮತ್ತೆ ಕೆಟ್ಟರೆ ಮೊದಲು ಚೋಕ್‌ನ ಮೇಲಿನ ಮುದ್ರಣವನ್ನು ಪರಿಶೀಲಿಸತಕ್ಕದ್ದು.

3. ಹಳೆಯ ಸೋಡಿಯಂ ದೀಪದ ಜಾಗದಲ್ಲಿ ಎಲ್‌ಇಡಿ ಬಲ್ಬ್ ಅಳವಡಿಸುವಾಗ ಚೋಕ್ ಮತ್ತು ಇಗ್ನೈಟರ್‌ಗಳ ಸಂಪರ್ಕವನ್ನು ತಯಾರಕರ ಸೂಚನೆಯಂತೆ ತೆಗೆಸಬೇಕು. ಇಗ್ನೈಟರ್ ಹಾಗೆಯೇ ಉಳಿದರೆ ಅದರ ಸಾವಿರಾರು ವೋಲ್ಟ್‌ಗಳ ಮಿಡಿತವು ಎಲ್‌ಇಡಿಯನ್ನು ಸುಟ್ಟುಹಾಕಬಹುದು.

ಆದ್ದರಿಂದ ಬೀದಿದೀಪ ವಹಿಯಲ್ಲಿ ಪ್ರತಿ ಕಂಬದ ದೀಪದೊಂದಿಗೆ ಚೋಕ್‌ನ ವಿಧ, ವ್ಯಾಟ್ ಹಾಗೂ ಬದಲಾಯಿಸಿದ ದಿನಾಂಕವನ್ನೂ ದಾಖಲಿಸುವುದು ಸೂಕ್ತ. ಮುಂದಿನ ಬಿಲ್ಲು ಸಭೆಯ ಮುಂದೆ ಬಂದಾಗ, ಒಂದೇ ಕಂಬಕ್ಕೆ ಎಷ್ಟು ಬಾರಿ ವೆಚ್ಚವಾಗಿದೆ ಎಂಬುದು ಆ ವಹಿಯಿಂದಲೇ ತಿಳಿಯುತ್ತದೆ.